ಕುಂಬಾರನಿಗೆ ವರುಷವೇಕೆ?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಟ್ಟುವುದು ಕಷ್ಟ, ಕೆಡವುವುದು ಸುಲಭ ಎಂಬ ನೀತಿಯನ್ನು ಹೇಳಲು ಹಿರಿಯರು ಇದನ್ನು ಬಳಸುತ್ತಾರೆ. ಗಾದೆಯ ಉತ್ತರಾರ್ಧಕ್ಕೆ ವಿವರಣೆ ಬೇಕಿಲ್ಲ. ಆದರೆ ಅದರ ಪೂರ್ವಾರ್ಧವನ್ನು ಕುರಿತು ನಾವು ಎಂದಾದರೂ ಯೋಚಿಸಿದ್ದೇವೆಯೆ? ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನಿಟ್ಟು ಒಂದು ಬಟ್ಟಲನ್ನು ಎತ್ತಲು ನುರಿತ ಕೈಗೆ ಐದು ನಿಮಿಷ ಸಾಕು. ಹಾಗಿದ್ದ ಮೇಲೆ ಉಳಿದ ಕಾಲವೆಲ್ಲ ಎಲ್ಲಿ ಹೋಗುತ್ತದೆ? ಕುಂಬಾರನಿಗೆ ವರುಷವೇಕೆ ಬೇಕು?

ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ೨೦೨೪ರ ದಸರೆಯ ರಜೆಯಲ್ಲಿ, ಮೈಸೂರಿನ ಒಂದು ಹಳೆಯ ಹೆಂಚಿನ ಮನೆಯಲ್ಲಿ. ನನ್ನಲ್ಲಿ ಭೌತಶಾಸ್ತ್ರವನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕುಂಬಾರಿಕೆಯ ಪುಟ್ಟ ಕಾರ್ಯಾಗಾರವೊಂದನ್ನು ನಡೆಸುತ್ತಿದ್ದಾಳೆ. ಹಿತ್ತಿಲಿನಲ್ಲಿ ಎರಡು ತಿಗರಿಗಳು, ಒಂದು ವಿದ್ಯುತ್ ಗೂಡು. ಬೀದಿಯ ಕಡೆಯ ಕೋಣೆಯಲ್ಲಿ ಬಟ್ಟಲು, ತಟ್ಟೆ, ಹಣತೆ, ಬೊಂಬೆಗಳನ್ನು ಜೋಡಿಸಿಟ್ಟ ಗ್ಯಾಲರಿ. ಕುಂಬಾರರ ಮನೆತನದ ವೃದ್ಧರೊಬ್ಬರು ಆಕೆಗೆ ನೆರವಾಗಿದ್ದಾರೆ. ಅವರನ್ನು ಆಕೆ ‘ತಾತ’ ಎನ್ನುತ್ತಾಳೆ. ಅವರು ಆಕೆಯನ್ನು ‘ಅವ್ವ’ ಎನ್ನುತ್ತಾರೆ.

ಇಂತಹ ಅಂಗಡಿಗೆ ವರ್ಷದ ಬೆಳೆ ಬರುವುದು ಹಬ್ಬದ ದಿನಗಳಲ್ಲಿ. ನವರಾತ್ರಿಯಲ್ಲಿ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಾರೆ. ಉತ್ಸವ ನೋಡಲು ಊರಿಗೆ ಊರೇ ಬರುತ್ತದೆ. ವಿಜಯದಶಮಿ ಕಳೆಯುವ ವೇಳೆಗೆ ಹಲಗೆಗಳೆಲ್ಲ ಬರಿದು. ಅಲ್ಲಿಂದ ನರಕ ಚತುರ್ದಶಿಗೆ ಸುಮಾರು ೧೯ ದಿನ. ಅಷ್ಟರೊಳಗೆ ದೀಪಾವಳಿಗೆಂದು ಹಲಗೆಗಳು ಮತ್ತೆ ತುಂಬಬೇಕು.

ಅಕ್ಟೋಬರ್ ೧೩ರ ಬೆಳಿಗ್ಗೆ, ಜಂಬೂ ಸವಾರಿಯ ಮರುದಿನ, ನಾನು ಅಲ್ಲಿ ಕುಳಿತಿದ್ದಾಗಲೇ ಒಬ್ಬ ಗ್ರಾಹಕರು ಬಂದರು. ತಮ್ಮ ಕಚೇರಿಯವರಿಗೆ ಹಬ್ಬದ ಉಡುಗೊರೆಯಾಗಿ ಕೊಡಲು ಹಿಡಿಯಿರುವ, ಮೆರುಗು ಹಾಕಿದ ನೂರು ಕಾಫಿ ಬಟ್ಟಲುಗಳು ಬೇಕೆಂದರು. ಹಬ್ಬಕ್ಕೆ ಎರಡು ದಿನ ಮೊದಲು, ಅಂದರೆ ೨೯ರ ಬೆಳಿಗ್ಗೆ, ಎಲ್ಲವೂ ಕೈಗೆ ಸೇರಬೇಕು. ಬೆಲೆಯ ಬಗ್ಗೆ ಚೌಕಾಸಿಯಿಲ್ಲ. ಇದ್ದುದು ೧೬ ದಿನ. ಆಕೆ ಮಧ್ಯಾಹ್ನ ತಿಳಿಸುವೆನೆಂದು ಹೇಳಿ ಅವರನ್ನು ಕಳುಹಿಸಿ, ಕಾಗದ ಪೆನ್ಸಿಲು ಹಿಡಿದು ಕುಳಿತಳು.

ನೂರು ಬಟ್ಟಲುಗಳನ್ನು ತಿಗರಿಯಲ್ಲಿ ಎತ್ತಿ, ಬುಡ ಹೆರೆದು, ಹಿಡಿ ಅಂಟಿಸಲು ೪ ದಿನ. ಪಾಲಿಥೀನ್ ಹಾಳೆ ಹೊದಿಸಿ ನಿಧಾನವಾಗಿ ಆರಿಸಲು ೩ ದಿನ. ಹಾಳೆ ತೆಗೆದು ಪೂರ್ತಿ ಒಣಗಿಸಲು ೫ ದಿನ. ಮೊದಲ ಸುಡುವಿಕೆಗೂ ಗೂಡು ತಣಿಯುವುದಕ್ಕೂ ೨ ದಿನ. ಮೆರುಗಿನ ಲೇಪಕ್ಕೆ ೧ ದಿನ. ಎರಡನೆಯ ಸುಡುವಿಕೆ ಎರಡು ಕಂತು, ತಲಾ ೨ ದಿನ. ಒಟ್ಟು ೧೯ ದಿನ. ಕೊರತೆ ಮೂರು ದಿನ.

“ಸರ್, ಒಣಗಿಸುವ ಐದು ದಿನವನ್ನು ಎರಡಕ್ಕೆ ಇಳಿಸಬಾರದೆ? ಗೂಡಿನಲ್ಲೇ ಬಿಸಿಮಾಡಿ ಒಣಗಿಸಿದರೆ?” ಎಂದು ಆಕೆ ನನ್ನನ್ನು ಕೇಳಿದಳು. ಆ ವರ್ಷದ ಬಾಡಿಗೆಯ ಚಿಂತೆ ಆ ಪ್ರಶ್ನೆಯ ಹಿಂದೆ ಇತ್ತು. ಉತ್ತರ ಹೇಳಬೇಕಾದರೆ ಮಣ್ಣಿನ ಒಳಹೊಕ್ಕು ನೋಡಬೇಕು. ವಾಚಕರೂ ನಮ್ಮೊಡನೆ ಬರಲಿ.

ಮಣ್ಣೂ ನೀರೂ

ಜೇಡಿಮಣ್ಣಿನ ಕಣಗಳು ಮರಳಿನ ಕಣಗಳಂತೆ ಗುಂಡಲ್ಲ. ಅವು ತೆಳುವಾದ ಬಿಲ್ಲೆಗಳು. ಅವುಗಳ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ ನೋಡಿ. ಅವನ್ನು ಒಂದರ ಮೇಲೊಂದು ಜಾರಿಸಬಹುದು. ಆದರೆ ನೇರವಾಗಿ ಎಳೆದು ಬಿಡಿಸುವುದು ಸುಲಭವಲ್ಲ. ಹಸಿಮಣ್ಣಿನಲ್ಲಿ ನಡೆಯುವುದೂ ಇದೇ. ಬಿಲ್ಲೆಗಳ ನಡುವಣ ನೀರಿನ ಪೊರೆ ಅವನ್ನು ಜಾರಿಸುತ್ತದೆ, ಜೊತೆಗೇ ಹಿಡಿದೂ ಇಡುತ್ತದೆ. ಕುಂಬಾರನ ಬೆರಳಿಗೆ ಮಣ್ಣು ಮಣಿಯುವುದೂ, ಮಣಿದ ರೂಪದಲ್ಲಿ ನಿಲ್ಲುವುದೂ ಇದರಿಂದಲೇ.

ಆದರೆ ರೂಪ ಕೊಟ್ಟ ನೀರು ಹೊರಗೆ ಹೋಗಲೇಬೇಕು. ತಿಗರಿಗೆ ಹದವಾದ ಮಣ್ಣಿನ ತೂಕದಲ್ಲಿ ಐದನೆಯ ಒಂದು ಪಾಲೋ ಇನ್ನೂ ಸ್ವಲ್ಪ ಹೆಚ್ಚೋ ನೀರೇ ಇರುತ್ತದೆ. ಅದು ಆರುತ್ತಾ ಹೋದಂತೆ ಬಿಲ್ಲೆಗಳು ಹತ್ತಿರ ಸರಿಯುತ್ತವೆ, ಪಾತ್ರೆ ಕುಗ್ಗುತ್ತದೆ. ಹತ್ತು ಸೆಂಟಿಮೀಟರ್ ಎತ್ತರದ ಬಟ್ಟಲು ಆರುವಾಗಲೇ ಅರ್ಧ ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗಬಹುದು. ಎಲ್ಲ ಭಾಗವೂ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ಆದರೆ ತೆಳುವಾದ ಅಂಚು ಬೇಗ ಆರುತ್ತದೆ, ದಪ್ಪವಾದ ಬುಡ ತಡವಾಗಿ ಆರುತ್ತದೆ. ಸಣ್ಣ ಹಿಡಿ ಒಂದು ಕಡೆಗೆ ಎಳೆದರೆ ಬಟ್ಟಲಿನ ಮೈ ಇನ್ನೊಂದು ಕಡೆಗೆ ಎಳೆಯುತ್ತದೆ. ಈ ಎಳೆದಾಟದಲ್ಲಿ ಬೆಸುಗೆ ಬಿರಿಯುತ್ತದೆ. ಮೊದಲ ಮೂರು ದಿನ ಹಾಳೆ ಹೊದಿಸುವುದು ಈ ಓಟವನ್ನು ತಡೆಯಲಿಕ್ಕಾಗಿ.

ಬಿಲ್ಲೆಗಳು ಪರಸ್ಪರ ತಾಗಿದ ಮೇಲೆ ಕುಗ್ಗುವಿಕೆ ನಿಲ್ಲುತ್ತದೆ. ಪಾತ್ರೆ ಗಟ್ಟಿಯಾಗಿ, ಬಣ್ಣ ತಿಳಿಯಾಗಿ ಕಾಣುತ್ತದೆ. ಇಲ್ಲಿಯೇ ಮೋಸ. ಬಿಲ್ಲೆಗಳ ನಡುವಣ ಸಂದುಗಳಲ್ಲಿ ನೀರು ಇನ್ನೂ ಉಳಿದಿರುತ್ತದೆ, ಮತ್ತು ಅದು ಕಿರಿದಾದ ದಾರಿಗಳಲ್ಲಿ ಸುತ್ತಿ ಬಳಸಿ ಹೊರಗೆ ಬರಬೇಕು. ಇಂತಹ ಸಂಚಾರಕ್ಕೆ ಒಂದು ನಿಯಮವುಂಟು: ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗೋಡೆಯ ದಪ್ಪ ನಾಲ್ಕು ಮಿಲಿಮೀಟರ್, ಬುಡದ ದಪ್ಪ ಎಂಟು ಎಂದಾದರೆ, ಬುಡಕ್ಕೆ ಬೇಕಾಗುವ ಕಾಲ ಎರಡರಷ್ಟಲ್ಲ, ನಾಲ್ಕರಷ್ಟು. ಸಾಲದುದಕ್ಕೆ ಅಕ್ಟೋಬರ್ ಮೈಸೂರಿನಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲೊಂದು. ಗಾಳಿಯೇ ತೇವದಿಂದ ತುಂಬಿರುವಾಗ ಮಡಕೆಯ ತೇವವನ್ನು ಅದು ಎಲ್ಲಿಂದ ಕುಡಿಯಬೇಕು?

ಒಳಗಿನ ದೊಣ್ಣೆ

ಇಷ್ಟನ್ನು ನಾನು ವಿವರಿಸುತ್ತಿದ್ದಾಗ ತಾತ ಹಲಗೆಯಿಂದ ಒಂದು ಹಣತೆಯನ್ನು ತೆಗೆದು ತಮ್ಮ ಕೆನ್ನೆಗೆ ಒತ್ತಿ ಹಿಡಿದರು. “ಇನ್ನೂ ತಣ್ಣಗದೆ ಅವ್ವ. ಇದು ಬೆಂಕಿಗೆ ಆಗಕಿಲ್ಲ” ಎಂದರು. ನಾನೂ ಕೆನ್ನೆಗೆ ಹಿಡಿದು ನೋಡಿದೆ, ನಿಜವಾಗಿಯೂ ತಣ್ಣಗಿತ್ತು. ಪಕ್ಕದಲ್ಲಿದ್ದ ಇನ್ನೊಂದು ಹಣತೆ ನೋಡಲು ಹಾಗೆಯೇ ಇದ್ದರೂ ಅಷ್ಟು ತಣ್ಣಗಿರಲಿಲ್ಲ.

ಇದು ಶುದ್ಧ ಭೌತಶಾಸ್ತ್ರ. ಒಂದು ಗ್ರಾಂ ನೀರು ಕೋಣೆಯ ಉಷ್ಣತೆಯಲ್ಲಿ ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಶಾಖ ಮಣ್ಣಿನಿಂದಲೇ ಬರಬೇಕಾದುದರಿಂದ ಮಣ್ಣು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರು ತಂಪಾಗಿರುವುದೂ ಇದೇ ಕಾರಣದಿಂದ. ಪ್ರಯೋಗಶಾಲೆಯಲ್ಲಿ ಒದ್ದೆಬಟ್ಟೆ ಸುತ್ತಿದ ಉಷ್ಣತಾಮಾಪಕದಿಂದ ನಾವು ಗಾಳಿಯ ತೇವವನ್ನು ಅಳೆಯುತ್ತೇವಷ್ಟೆ. ತಾತನವರಿಗೆ ಅವರ ಕೆನ್ನೆಯೇ ಆ ಉಪಕರಣ.

ತೇವ ಉಳಿದ ಹಣತೆಯನ್ನು ಅವಸರದಿಂದ ಕಾಯಿಸಿದರೆ ಏನಾಗುತ್ತದೆ? ೧೦೦ ಡಿಗ್ರಿ ಸೆಲ್ಸಿಯಸ್ ಮುಟ್ಟಿದ ನೀರು ಬಯಲಿನಲ್ಲಿ ಆವಿಯಾದಾಗ ಮೊದಲಿನ ಗಾತ್ರದ ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಸಂದುಗಳಲ್ಲಿ ಸಿಕ್ಕಿಕೊಂಡ ನೀರಿಗೆ ಹಿಗ್ಗಲು ಸ್ಥಳವಿಲ್ಲ. ಆದುದರಿಂದ ಒತ್ತಡ ಏರುತ್ತದೆ. ೧೫೦ ಡಿಗ್ರಿಯಲ್ಲಿ ಅದು ವಾಯುಮಂಡಲದ ಒತ್ತಡದ ಐದರಷ್ಟನ್ನು ಸಮೀಪಿಸುತ್ತದೆ. ೨೦೦ ಡಿಗ್ರಿಯಲ್ಲಿ ಹದಿನೈದರಷ್ಟಾಗುತ್ತದೆ. ಸುಡದ ಮಣ್ಣಿಗೆ ಇದನ್ನು ತಡೆಯುವ ಶಕ್ತಿಯೆಲ್ಲಿಯದು? ೨೦೨೩ರ ದೀಪಾವಳಿಗೆ ಮುಂಚೆ ಇದೇ ಗೂಡಿನಲ್ಲಿ, ದಪ್ಪ ಬುಡದ ಕೆಲವು ಹಣತೆಗಳು ಹೀಗೆಯೇ ಸಿಡಿದಿದ್ದವು. ಅವುಗಳ ಚೂರುಗಳು ನೆರೆಯ ಪಾತ್ರೆಗಳನ್ನು ಒಡೆದು, ಕಾಯುವ ತಂತಿಯ ಸುರುಳಿಯಲ್ಲಿಯೂ ಹೊಕ್ಕು, ಒಂದು ವಾರದ ದುಡಿಮೆಯನ್ನು ಹಾಳುಮಾಡಿದ್ದವು.

ಆದುದರಿಂದ ಗಾದೆಯ ದೊಣ್ಣೆ ಯಾವಾಗಲೂ ಹೊರಗಿನಿಂದಲೇ ಬರಬೇಕಾಗಿಲ್ಲ. ಮಡಕೆಯೊಳಗೆ ಅವಿತಿರುವ ತೊಟ್ಟು ನೀರೂ ದೊಣ್ಣೆಯೇ.

ಬೆಂಕಿಯ ಗಡಿಯಾರ

ಸುಡುವಾಗಲಾದರೂ ಕಾಲವನ್ನು ಉಳಿಸಬಹುದೆ? ಅಲ್ಲಿಯೂ ಮಣ್ಣು ತನ್ನ ಹೆಜ್ಜೆಯನ್ನು ತಾನೇ ಎಣಿಸುತ್ತದೆ. ೪೫೦ರಿಂದ ೬೦೦ ಡಿಗ್ರಿಯವರೆಗೆ, ಕಣಗಳ ರಚನೆಯಲ್ಲಿಯೇ ಬೆಸೆದುಕೊಂಡಿದ್ದ ನೀರು ಬಿಡುಗಡೆಯಾಗುತ್ತದೆ. ಹಸಿಮಡಕೆಯನ್ನು ನೀರಿನಲ್ಲಿ ನೆನೆಸಿದರೆ ಮತ್ತೆ ಮಣ್ಣಾಗುತ್ತದೆ. ಈ ಗಡಿ ದಾಟಿದ ಮೇಲೆ ಎಷ್ಟು ನೆನೆಸಿದರೂ ಆಗದು. ಇದೇ ಹಾದಿಯಲ್ಲಿ, ೫೭೩ ಡಿಗ್ರಿಯಲ್ಲಿ, ಮಣ್ಣಿನಲ್ಲಿ ಬೆರೆತ ಬೆಣಚುಕಲ್ಲಿನ ಹರಳುಗಳು ತಮ್ಮ ರಚನೆಯನ್ನು ಬದಲಿಸಿ ಥಟ್ಟನೆ ಹಿಗ್ಗುತ್ತವೆ. ತಣಿಯುವಾಗ ಅದೇ ಹಂತದಲ್ಲಿ ಥಟ್ಟನೆ ಕುಗ್ಗುತ್ತವೆ. ಏರುವಾಗಲೂ ಇಳಿಯುವಾಗಲೂ ಇಲ್ಲಿ ಮೆಲ್ಲನೆ ನಡೆಯದಿದ್ದರೆ ಪಾತ್ರೆ ಸೀಳುತ್ತದೆ.

ಇಂಗ್ಲೆಂಡಿನ ಹೆಸರಾಂತ ಕುಂಬಾರ ಜೋಸಯಾ ವೆಜ್‌ವುಡ್, ಮಣ್ಣಿನ ತುಂಡು ಶಾಖದಲ್ಲಿ ಎಷ್ಟು ಕುಗ್ಗಿತೆಂಬುದನ್ನು ಅಳೆದು ಗೂಡಿನ ಬಿಸಿಯನ್ನು ತಿಳಿಯುವ ಸಾಧನವನ್ನು ೧೭೮೨ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟನು. ೧೮೮೬ರಲ್ಲಿ ಜರ್ಮನಿಯ ಹರ್ಮನ್ ಸೆಗರ್, ಗೊತ್ತಾದ ಬಿಸಿಯಲ್ಲಿ ಬಾಗುವ ಮಣ್ಣಿನ ಪುಟ್ಟ ಶಂಕುಗಳನ್ನು ಬಳಕೆಗೆ ತಂದನು. ಇಂದಿಗೂ ಕುಂಬಾರರು ಇಂತಹ ಶಂಕುಗಳನ್ನು ಗೂಡಿನಲ್ಲಿಡುತ್ತಾರೆ. ಏಕೆಂದರೆ ಶಂಕು ಬಾಗುವುದು ಉಷ್ಣತೆಯೊಂದರಿಂದಲೇ ಅಲ್ಲ. ಎಷ್ಟು ಹೊತ್ತು ಕಾಯಿತೆಂಬುದೂ ಅದಕ್ಕೆ ಲೆಕ್ಕ.

ತಣಿಯುವುದಕ್ಕೂ ಅದರದೇ ಲೆಕ್ಕವುಂಟು. ಗೂಡು ಶಾಖವನ್ನು ಕಳೆದುಕೊಳ್ಳುವ ವೇಗ, ಹೊರಗಿನ ಗಾಳಿಗಿಂತ ಅದು ಎಷ್ಟು ಬಿಸಿಯಾಗಿದೆ ಎಂಬುದನ್ನು ಅವಲಂಬಿಸಿದೆ. ಸ್ಥೂಲವಾಗಿ ಹೇಳುವುದಾದರೆ, ಹೊರಗಿನ ಗಾಳಿಗಿಂತ ೧೨೦೦ ಡಿಗ್ರಿ ಬಿಸಿಯಾಗಿದ್ದ ಗೂಡು ೬೦೦ಕ್ಕೆ ಇಳಿಯಲು ಹಿಡಿಯುವಷ್ಟೇ ಹೊತ್ತು, ೩೦೦ರಿಂದ ೧೫೦ಕ್ಕೆ ಇಳಿಯಲೂ ಬೇಕು. ಕೊನೆಯ ಘಟ್ಟದಲ್ಲಿ ತಾಳ್ಮೆಗೆಟ್ಟು ಬಾಗಿಲು ತೆರೆದರೆ ತಣ್ಣನೆಯ ಗಾಳಿ ಬಡಿದು ಬಟ್ಟಲು ಬಿರಿಯುತ್ತದೆ. ಬಿರಿಯದೆ ಉಳಿದವೂ ಅನುಮಾನಕ್ಕೆ ಅರ್ಹವೇ.

ಎರಡನೆಯ ಸುಡುವಿಕೆ ಎರಡು ಕಂತೇಕೆ? ಮೆರುಗೆಂದರೆ ಕರಗಿದ ಗಾಜು. ಮೊದಲ ಸುಡುವಿಕೆಯಲ್ಲಿ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಬಹುದು. ಮೆರುಗು ಹಾಕಿದ ಮೇಲೆ ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುತ್ತವೆ. ಆದುದರಿಂದ ಆ ಗೂಡಿನಲ್ಲಿ ಒಂದು ಸಲಕ್ಕೆ ಹಿಡಿಯುವುದು ಐವತ್ತು. ಆ ಐವತ್ತು ಬಟ್ಟಲುಗಳ ತೂಕ ಸುಮಾರು ೧೮ ಕಿಲೋಗ್ರಾಂ. ಅವನ್ನು ೧೨೦೦ ಡಿಗ್ರಿಗೆ ಏರಿಸಲು ಬೇಕಾದ ಶಾಖವನ್ನು ಲೆಕ್ಕ ಹಾಕಿದರೆ ೬ ಯೂನಿಟ್ ವಿದ್ಯುತ್ತು. ಮೀಟರಿನಲ್ಲಿ ಓಡುವುದೋ ಇದರ ಎಂಟು ಹತ್ತರಷ್ಟು! ಉಳಿದುದೆಲ್ಲ ಗೂಡಿನ ಇಟ್ಟಿಗೆಗೂ ಹಲಗೆಗೂ ಹೊರಗಿನ ಗಾಳಿಗೂ ಸಂದಾಯ. ಅರ್ಧ ತುಂಬಿದ ಗೂಡಿಗೂ ಪೂರ್ತಿ ತುಂಬಿದ ಗೂಡಿಗೂ ಖರ್ಚು ಹೆಚ್ಚುಕಡಿಮೆ ಒಂದೇ.

ಇಷ್ಟೆಲ್ಲ ಮುಗಿದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ತಣಿಯುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಬಿಗಿಯಾದ ಅಂಗಿಯಂತಾಗಿ, ಜೇಡರ ಬಲೆಯಂತಹ ಬಿರುಕುಗಳನ್ನು ತಳೆಯುತ್ತದೆ. ಕೆಲವೊಮ್ಮೆ ಇವು ಕಾಣಿಸಿಕೊಳ್ಳುವುದು ದಿನಗಳು ಕಳೆದ ಮೇಲೆ, ಕೊಂಡವರ ಮನೆಯಲ್ಲಿ. ಅವಸರದಲ್ಲಿ ಮಾಡಿದ ತಪ್ಪು ಗೂಡಿನಲ್ಲಿ ಕಾಣದೆ ಗ್ರಾಹಕರ ಕೈಯಲ್ಲಿ ಕಂಡರೆ, ಗ್ಯಾಲರಿಯ ಹೆಸರಿಗೆ ಅದೇ ದೊಣ್ಣೆ.

ಲೆಕ್ಕದ ಉತ್ತರ

ಹಾಗಾದರೆ ಆಕೆಯ ಪ್ರಶ್ನೆಗೆ ನಾನು ಹೇಳಿದ್ದೇನು? ಗೂಡಿನಲ್ಲಿ ನಯವಾದ ಬಿಸಿಯಲ್ಲಿ ಒಣಗಿಸುವುದು ಅಸಾಧ್ಯವಲ್ಲ. ಆದರೆ ಹಿಡಿಯುಳ್ಳ ನೂರು ಬಟ್ಟಲುಗಳನ್ನು, ಮಳೆಗಾಲದಲ್ಲಿ, ಮೂರು ದಿನ ಕದ್ದು ಒಣಗಿಸಿದರೆ ಎಷ್ಟು ಉಳಿಯುವುವೆಂದು ಯಾವ ಸೂತ್ರವೂ ಮಾತು ಕೊಡದು ಎಂದೆ. ಆಕೆ ಲೆಕ್ಕವನ್ನು ತಿರುವಿ ಹಾಕಿದಳು. ಐವತ್ತು ಬಟ್ಟಲುಗಳಾದರೆ ತಿಗರಿಯ ಕೆಲಸದಲ್ಲಿ ಒಂದು ದಿನ ಉಳಿಯುತ್ತದೆ. ಮೆರುಗಿನ ಸುಡುವಿಕೆ ಒಂದೇ ಕಂತಾಗಿ ಇನ್ನೆರಡು ದಿನ ಉಳಿಯುತ್ತದೆ. ಹತ್ತೊಂಬತ್ತರಲ್ಲಿ ಮೂರು ಕಳೆದರೆ ಹದಿನಾರು! ಐವತ್ತರಲ್ಲಿ ಕೆಲವು ಕೆಡಬಹುದಾದುದರಿಂದ ನಲವತ್ತಕ್ಕೆ ಮಾತು ಕೊಡಬಹುದು.

ಮಧ್ಯಾಹ್ನ ಗ್ರಾಹಕರಿಗೆ ಹಾಗೆಯೇ ತಿಳಿಸಿದಳು. ಅವರು ಒಪ್ಪಲಿಲ್ಲ, ಬೇರೆ ಕಡೆ ನೋಡುವೆನೆಂದು ಹೊರಟುಹೋದರು. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ತಾತ ಮಾತ್ರ ತಮ್ಮ ಪಾಡಿಗೆ ಹಣತೆಗಳನ್ನು ಒಂದೊಂದಾಗಿ ಮಗುಚಿಡುತ್ತಿದ್ದರು, ಬುಡಕ್ಕೂ ಗಾಳಿಯಾಡಲೆಂದು.

ದೀಪಾವಳಿಯ ನಂತರ ಮತ್ತೆ ಹೋದಾಗ ಹಿತ್ತಿಲಿನಲ್ಲಿ ಒಂದು ಹೊಸ ಹಲಗೆಸಾಲು ಕಂಡಿತು. ಒಮ್ಮೆ ಸುಟ್ಟು, ಮೆರುಗು ಹಾಕದೆ ಇಟ್ಟ ಬಟ್ಟಲುಗಳು ಅದರ ಮೇಲೆ ತುಂಬಿದ್ದವು. “ಇವು ಎಷ್ಟು ತಿಂಗಳಾದರೂ ಕೆಡುವುದಿಲ್ಲ ಸರ್. ಮುಂದಿನ ದಸರೆಗೆ ಯಾರು ಬಂದು ಯಾವ ಬಣ್ಣ ಕೇಳಿದರೂ ಐದು ದಿನದಲ್ಲಿ ನೂರು ಕೊಡಬಲ್ಲೆ” ಎಂದಳು. ಮೆರುಗಿಗೆ ಒಂದು, ಎರಡು ಕಂತಿನ ಸುಡುವಿಕೆಗೆ ನಾಲ್ಕು, ಲೆಕ್ಕ ಸರಿಯಾಗಿತ್ತು. ಮಳೆಯಿಲ್ಲದ ದಿನಗಳ ಹದಿನಾಲ್ಕು ದಿನಗಳನ್ನು ಆಕೆ ಆ ಹಲಗೆಗಳ ಮೇಲೆ ಕೂಡಿಡುತ್ತಿದ್ದಳು.

ಮಣ್ಣಿನ ಕಾಲವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಮೊದಲೇ ಕೊಟ್ಟು ಮುಗಿಸುವುದು ನಮ್ಮ ಕೈಯಲ್ಲಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ನನ್ನ ವಿದ್ಯಾರ್ಥಿ ಮಿತ್ರರು ಈ ಹಲಗೆಸಾಲನ್ನು ಒಮ್ಮೆ ನೆನೆದರೆ ತಪ್ಪೇನಿಲ್ಲ. ಮುಂದಿನ ದೀಪಾವಳಿಗೆ ಹಣತೆ ಕೊಳ್ಳುವಾಗ ಅದನ್ನು ಕೆನ್ನೆಗೆ ಹಿಡಿದು ನೋಡಿ. ಅದು ತಣ್ಣಗಿರುವುದಿಲ್ಲ, ಏಕೆಂದರೆ ಯಾರೋ ಒಬ್ಬರು ಅದು ಒಣಗುವವರೆಗೆ ಕಾದಿದ್ದಾರೆ.