ಕಿಟಕಿಯ ಮರೆಯಲ್ಲಿ ಕೂತ ಕಿಶೋರ್

ಹಾಡು ಬಾರದ ಹುಡುಗನೊಬ್ಬ ಕಿಟಕಿಯಲ್ಲಿ ಕೂತು ಬರೀ ಬಾಯಿ ಆಡಿಸುತ್ತಾನೆ. ಪಕ್ಕದ ಮನೆಯ ಹುಡುಗಿಗೆ ಕಾಣದ ಹಾಗೆ ಮರೆಯಲ್ಲಿ ಕೂತು ನಿಜವಾಗಿ ಹಾಡುವವನು ಇನ್ನೊಬ್ಬ. 1968ರ ಹಿಂದಿ ಚಿತ್ರ ‘ಪಡೋಸನ್’ ನಿಂತಿರುವುದು ಇದೊಂದು ತುಂಟಾಟದ ಮೇಲೆ. ಬಾಯಿ ಆಡಿಸುವವರು ಸುನಿಲ್ ದತ್, ಹಾಡುವವರು ಕಿಶೋರ್ ಕುಮಾರ್, ಮರುಳಾಗುವ ಹುಡುಗಿ ಸಾಯಿರಾ ಬಾನು. ನಕ್ಕು ಹಗುರಾಗಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಆದರೆ ನನ್ನಂಥವರಿಗೆ ಇದು ಬರೀ ನಗೆಚಿತ್ರವಲ್ಲ.

ನಾನು ಬಹಳ ವರ್ಷ ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಹಾಡಿದವನು. ಅಲ್ಲಿ ಗಾಯಕರನ್ನು ಹೆಸರು ಹಿಡಿದು ಕೇಳುವುದು ಕಡಿಮೆ. ‘ಪಿ.ಬಿ.ಎಸ್. ವಾಯ್ಸ್ ಬಂದ್ರಾ?’, ‘ಕಿಶೋರ್ ವಾಯ್ಸ್ ಎಲ್ಲಿ?’ ಎಂದೇ ವಿಚಾರಿಸುತ್ತಾರೆ. ನಾನು ಕಿಶೋರ್ ವಾಯ್ಸ್. ಮುಖ ಒಬ್ಬರದು, ದನಿ ಇನ್ನೊಬ್ಬರದು ಎನ್ನುವ ಸಂಗತಿಯ ಜೊತೆಗೇ ಬದುಕಿದವನಿಗೆ ‘ಪಡೋಸನ್’ ಮನೆಯವರ ಕಥೆಯ ಹಾಗೆ ಕಾಣುತ್ತದೆ.

ಕಥೆ ಸರಳ. ಬ್ರಹ್ಮಚರ್ಯದ ಪಾಠ ಓದಿಕೊಂಡು ಬೆಳೆದ ಮುಗ್ಧ ಭೋಲಾ. ಮುದಿ ವಯಸ್ಸಿನಲ್ಲಿ ಇನ್ನೊಂದು ಮದುವೆಗೆ ಹೊರಟ ಮಾವನ ಜೊತೆ ಜಗಳವಾಡಿ ಬೇರೆ ಮನೆ ಸೇರುತ್ತಾನೆ. ಪಕ್ಕದ ಮನೆಯ ಬಿಂದುವಿಗೆ ಸಂಗೀತವೆಂದರೆ ಪ್ರಾಣ. ಅವಳಿಗೆ ಪಾಠ ಹೇಳಲು ಬರುವವರು ಮೆಹಮೂದ್ ನಟಿಸಿರುವ ಮಾಸ್ಟರ್ ಪಿಳ್ಳೈ. ಭೋಲಾನಿಗೆ ಸ್ವರವೇ ಕೂಡುವುದಿಲ್ಲ. ಆಗ ಅವನ ಗುರು, ನಾಟಕ ಮಂಡಳಿಯ ವಿದ್ಯಾಪತಿ, ತನ್ನ ದನಿಯನ್ನೇ ಸಾಲ ಕೊಡುತ್ತಾನೆ. ಉದ್ದ ಕೂದಲು, ಕಣ್ಣಿಗೆ ಕಾಡಿಗೆ, ಬಾಯ್ತುಂಬ ಪಾನ್: ಆ ವೇಷದಲ್ಲಿ ಕಿಶೋರ್ ತೆರೆಗೆ ಬಂದರೆ ಉಳಿದವರ ಮೇಲೆ ಕಣ್ಣು ನಿಲ್ಲುವುದಿಲ್ಲ. ‘ಮದರ್ ಇಂಡಿಯಾ’ದ ಬಿರ್ಜು ಆಗಿ, ‘ಮುಝೆ ಜೀನೇ ದೋ’ದ ಡಕಾಯಿತನಾಗಿ ಗುಡುಗಿದ್ದ ಸುನಿಲ್ ದತ್ ಇಲ್ಲಿ ಪೆದ್ದನಾಗಿ ಕಿಶೋರ್ ಮುಂದೆ ತಲೆಬಾಗಿ ಕೂರುತ್ತಾರೆ. ನಾಯಕನಟನೊಬ್ಬ ಇಷ್ಟು ಜಾಗ ಬಿಟ್ಟುಕೊಡುವುದು ದೊಡ್ಡ ಗುಣ.

ನಮ್ಮಲ್ಲಿ ಹಿನ್ನೆಲೆ ಗಾಯನ ಶುರುವಾದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸ್ಟುಡಿಯೋದಲ್ಲಿ. ಅಲ್ಲಿಂದ ಮುಂದೆ ನಟ ಬಾಯಿ ಆಡಿಸುವುದು, ಹಾಡುವವರು ಕಾಣದೆ ಉಳಿಯುವುದು ಎಷ್ಟು ರೂಢಿಯಾಯಿತೆಂದರೆ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಸ್ವತಃ ಗಾಯಕರಾಗಿದ್ದ ಕಿಶೋರರಿಗೇ ‘ರಾಗಿಣಿ’ (1958) ಚಿತ್ರದ ಒಂದು ಶಾಸ್ತ್ರೀಯ ಹಾಡಿಗೆ ಮೊಹಮ್ಮದ್ ರಫಿ ದನಿ ಕೊಟ್ಟಿದ್ದರು. ‘ಪಡೋಸನ್’ ಆ ಪರದೆಯನ್ನು ಸರಿಸಿ ಒಳಗಡೆ ತೋರಿಸಿತು. ಬಿಂದು ನೋಡುತ್ತಿರುವುದು ಭೋಲಾನನ್ನು, ಸೋಲುತ್ತಿರುವುದು ವಿದ್ಯಾಪತಿಯ ಕಂಠಕ್ಕೆ. ನಾವು ಪ್ರೇಕ್ಷಕರು ಪ್ರತಿ ಸಿನಿಮಾದಲ್ಲೂ ಮಾಡುವುದು ಇದನ್ನೇ.

ಕಿಟಕಿಯ ಆ ಮೊದಲ ಹಾಡನ್ನು ಮತ್ತೆ ನೋಡುವಾಗ ವಿದ್ಯಾಪತಿಯ ಪಟಾಲಮ್ಮಿನ ಮೇಲೂ ಕಣ್ಣಿಡಿ. ಅವರ ಕೈಗೆ ಸಿಕ್ಕಿದ್ದೆಲ್ಲ ವಾದ್ಯ. ಹಾಡಿನುದ್ದಕ್ಕೂ ಬರುವ ಒಂದು ಒರಟು ಸರಸರ ಸದ್ದು ಬಾಚಣಿಗೆಯನ್ನು ಉಜ್ಜಿ ತೆಗೆದದ್ದು. ಆಗಿನ್ನೂ ಮೂವತ್ತು ತುಂಬದ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್‌ ಅವರ ಯೋಚನೆ ಅದು. ನಮ್ಮ ರಿದಂ ಹುಡುಗರು ಎಷ್ಟು ದುಬಾರಿ ಪ್ಯಾಡ್ ತಂದರೂ ಆ ಸದ್ದು ಕೈಗೆ ಸಿಗುತ್ತಿರಲಿಲ್ಲ.

ಇನ್ನು ಪೈಪೋಟಿಯ ಹಾಡು, ‘ಏಕ್ ಚತುರ್ ನಾರ್’. ಈ ಕಿಟಕಿಯಲ್ಲಿ ಭೋಲಾ, ಆ ಕಿಟಕಿಯಲ್ಲಿ ಮಾಸ್ಟರ್ ಪಿಳ್ಳೈ. ಪಿಳ್ಳೈಗೆ ಮನ್ನಾ ಡೇ ಹಾಡಿದ್ದಾರೆ, ನಡುನಡುವಿನ ಮಾತು ಮೆಹಮೂದರದೇ. ಇದರ ಪಲ್ಲವಿಯ ಮೂಲ 1941ರ ‘ಝೂಲಾ’ ಚಿತ್ರದಲ್ಲಿದೆ. ಅಲ್ಲಿ ಹಾಡಿದ್ದವರು ಕಿಶೋರರ ಅಣ್ಣ ಅಶೋಕ್ ಕುಮಾರ್. ಹಾಡುವವರ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ಬಗೆಯ ಕಷ್ಟಗಳಿವೆ. ಮನ್ನಾ ಡೇ ಭಾಗಕ್ಕೆ ಕಂಠ ಪಳಗಿರಬೇಕು. ಸರಗಮ್ ಓಡುವಾಗ ಒಂದು ಸ್ವರವೂ ಜಾರಬಾರದು. ಕಿಶೋರ್ ಭಾಗಕ್ಕೆ ಭಂಡ ಧೈರ್ಯ ಬೇಕು: ಒಂದು ಧಾಟಿಯಿಂದ ಇನ್ನೊಂದಕ್ಕೆ ಹಾರುವುದು, ದನಿ ಸೀಳುವುದು, ನಗುವುದು, ಮತ್ತೆ ತಾಳ ತಪ್ಪದೆ ಬಂದು ಸೇರುವುದು. ಮೊದಲನೆಯದನ್ನು ಸಾಧನೆಯಿಂದ ಕಲಿಯಬಹುದು. ಎರಡನೆಯದನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಹಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಕಿಶೋರರಿಗೆ ಅದು ಆ ಕ್ಷಣಕ್ಕೆ ಹೊಳೆದಂತೆ ಕೇಳಿಸುತ್ತದೆ, ನಮ್ಮದು ಬಾಯಿಪಾಠದಂತೆ.

ಕಥೆಯಲ್ಲಿ ಪಿಳ್ಳೈ ಸೋಲುತ್ತಾರೆ. ಇದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಿಂದಿ ಸಿನಿಮಾ ಬಹುಕಾಲ ದಕ್ಷಿಣದವರನ್ನೆಲ್ಲ ಒಂದೇ ‘ಮದ್ರಾಸಿ’ ಗಂಟಿಗೆ ಕಟ್ಟಿ, ಜುಟ್ಟು, ವಿಭೂತಿ, ಒಡಕು ಹಿಂದಿ ಕೊಟ್ಟು ನಗಿಸಿತು. ಪಿಳ್ಳೈ ಪಾತ್ರ ಆ ಅಚ್ಚಿನದೇ. ಆದರೂ ಮೆಹಮೂದ್ ಅದನ್ನು ಬರೀ ಗೇಲಿಗೆ ಬಿಟ್ಟಿಲ್ಲ. ಪಿಳ್ಳೈಗೆ ಬಿಂದುವಿನ ಮೇಲಿರುವ ಪ್ರೀತಿ ಸುಳ್ಳಲ್ಲ, ಅವರ ವಿದ್ಯೆಯೂ ಸುಳ್ಳಲ್ಲ. ಅವರು ಸೋಲುವುದು ಎದುರಾಳಿ ಆಟದ ನಿಯಮ ಮುರಿದದ್ದಕ್ಕೆ.

ಮನ್ನಾ ಡೇ ಪಾಲಿಗೆ ಇಂಥ ಪೈಪೋಟಿ ಹೊಸದಲ್ಲ, ಮತ್ತು ಆ ಹಳೆಯ ಪೈಪೋಟಿಗೆ ಕನ್ನಡದ ನಂಟಿದೆ. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ 1956ರಲ್ಲಿ ‘ಬಸಂತ್ ಬಹಾರ್’ ಎಂದು ಹಿಂದಿಗೆ ಹೋಯಿತು. ಅದರ ಸ್ಪರ್ಧೆಯ ಹಾಡಿನಲ್ಲಿ ಮನ್ನಾ ಡೇ ಎದುರು ಹಾಡಿದವರು ನಮ್ಮ ಗದಗಿನ ನೆಲದ ಭೀಮಸೇನ ಜೋಶಿ. ಕಥೆಯ ಪ್ರಕಾರ ಗೆಲ್ಲಬೇಕಾದದ್ದು ಮನ್ನಾ ಡೇ. ಜೋಶಿಯವರನ್ನು ಸೋಲಿಸಬೇಕೆಂದಾಗ ತಾವು ನಡುಗಿಹೋದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹಾಗೆ ಭೀಮಸೇನರ ಎದುರು ಗೆದ್ದ ದನಿ ಹನ್ನೆರಡು ವರ್ಷದ ನಂತರ, ಶಾಸ್ತ್ರೀಯ ಸಂಗೀತ ಕಲಿಯದ ಕಿಶೋರರ ಎದುರು ಸೋಲಬೇಕಾಯಿತು. ಸೋಲುವ ಹಾಡನ್ನೂ ಅಷ್ಟು ಶುದ್ಧವಾಗಿ ಹಾಡಿದ್ದು ಮನ್ನಾ ಡೇ ಅವರ ದೊಡ್ಡತನ.

‘ಪಡೋಸನ್’ ಕಥೆಯ ಬೇರು ಬಂಗಾಳದಲ್ಲಿದೆ: ಅರುಣ್ ಚೌಧರಿಯವರ ‘ಪಾಶೇರ್ ಬಾಡಿ’, 1952ರಲ್ಲಿ ಸಿನಿಮಾ ಆಯಿತು. ಮರುವರ್ಷವೇ ತೆಲುಗಿಗೆ ‘ಪಕ್ಕಿಂಟಿ ಅಮ್ಮಾಯಿ’ ಆಗಿ ಬಂದಾಗ ಗಾಯಕ ಎ.ಎಂ. ರಾಜಾ ಅದರಲ್ಲಿ ನಟಿಸಿದರು. 1960ರ ತಮಿಳು ಚಿತ್ರ ‘ಅಡುತ್ತ ವೀಟ್ಟು ಪೆಣ್’ನಲ್ಲಿ ಹಾಡಿದವರು ಪಿ.ಬಿ. ಶ್ರೀನಿವಾಸ್, ಅಂದರೆ ವರ್ಷಗಟ್ಟಲೆ ರಾಜ್‌ಕುಮಾರ್ ಅವರ ಹಾಡಿನ ದನಿಯಾಗಿದ್ದವರು. ಕನ್ನಡಕ್ಕೆ ಇದು ತಡವಾಗಿ, 2004ರಲ್ಲಿ, ರಾಘವೇಂದ್ರ ರಾಜ್‌ಕುಮಾರ್ ನಟಿಸಿದ ‘ಪಕ್ಕದ್ಮನೆ ಹುಡುಗಿ’ಯಾಗಿ ಬಂತು. ಕಿಶೋರರೂ ಕನ್ನಡಕ್ಕೆ ಪೂರ್ತಿ ಹೊರಗಿನವರಲ್ಲ. 1972ರ ‘ಕುಳ್ಳ ಏಜೆಂಟ್ 000’ ಚಿತ್ರದಲ್ಲಿ ಅವರು ಹಾಡಿದ ‘ಆಡು ಆಟ ಆಡು’ ಇಲ್ಲದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿಯುತ್ತಿರಲಿಲ್ಲ.

‘ಪಡೋಸನ್’ ಬಂದ ಮರುವರ್ಷ ‘ಆರಾಧನಾ’ ತೆರೆಕಂಡಿತು. ರಾಜೇಶ್ ಖನ್ನಾಗೆ ಕಿಶೋರ್ ದನಿ ಕೂಡಿ ದೇಶವೇ ಹುಚ್ಚೆದ್ದಿತು. ಅಲ್ಲಿಂದಾಚೆ ಅವರು ಮುಖ್ಯವಾಗಿ ಪರರ ಬಾಯಿಗೆ ದನಿಯಾದರು, ನಟನೆ ಕಡಿಮೆಯಾಯಿತು. ಹಾಗಾಗಿ ದನಿಯನ್ನೂ ಅದರ ಒಡೆಯನನ್ನೂ ಒಟ್ಟಿಗೆ, ಅದೂ ಅಷ್ಟು ಖುಷಿಯಲ್ಲಿರುವಾಗ ನೋಡಬೇಕೆಂದರೆ ಈ ಚಿತ್ರಕ್ಕೇ ಬರಬೇಕು.

ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನೋಡಿ, ಹೊಟ್ಟೆ ತುಂಬ ನಗಿ. ಆಮೇಲೆ ಪೈಪೋಟಿಯ ಹಾಡನ್ನು ಚಿತ್ರವಿಲ್ಲದೆ ಇನ್ನೊಮ್ಮೆ ಕೇಳಿ. ಆಟದಲ್ಲಿ ಕಿಶೋರ್ ಗೆದ್ದರು, ನಿಜ. ಹಾಡಿನಲ್ಲಿ ಗೆದ್ದವರು ಮನ್ನಾ ಡೇ.