ಬೆನ್ನ ಮೇಲಿನ ನೀರು ಬಾಯಿಗೆ ಬರುವ ಬಗೆ

ಅಮೆರಿಕದ ಟೆಕ್ಸಾಸ್‌ನಲ್ಲಿರುವ ವಿಚಿಟಾ ಫಾಲ್ಸ್ ಎಂಬ ಊರಲ್ಲಿ ಪ್ರತಿ ಆಗಸ್ಟ್‌ನಲ್ಲಿ ನೂರು ಮೈಲಿಯ ಸೈಕಲ್ ಸವಾರಿ ನಡೆಯುತ್ತದೆ. ಅದರ ಹೆಸರು ‘ಹಾಟರ್ ಎನ್ ಹೆಲ್ ಹಂಡ್ರೆಡ್’. ಅಲ್ಲಿಯ ಬಿಸಿಲು ನೋಡಿದವರಿಗೆ ಆ ಹೆಸರು ಅತಿಯೆನಿಸದು. 1980ರ ದಶಕದ ಕೊನೆಗೆ ಅದರಲ್ಲಿ ಓಡಿಸಿದ ಮೈಕೆಲ್ ಐಡ್ಸನ್ ವೃತ್ತಿಯಲ್ಲಿ ತುರ್ತು ವೈದ್ಯಕೀಯ ಸಹಾಯಕರು. ಅವರು ಸಲೈನ್ ಚೀಲಕ್ಕೆ ಕುಡಿಯುವ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಜೆರ್ಸಿಯ ಬೆನ್ನಿಗೆ ಹೊಲಿದುಕೊಂಡರು. ನಳಿಕೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು, ಸೋರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರು. ಬೆನ್ನಿಗೆ ಹಾಕುವ ನೀರಿನ ಚೀಲ ಮಾಡುವ ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಹೀಗೆ.

ಕೈಗೆ ಸಿಕ್ಕಿದ್ದು ಸಲೈನ್ ಚೀಲವಾದದ್ದು ಒಳ್ಳೆಯದೇ ಆಯಿತು. ಆಸ್ಪತ್ರೆಗಳಲ್ಲಿ ಹಿಂದೆ ಇದ್ದ ಗಾಜಿನ ಗ್ಲೂಕೋಸ್ ಬಾಟಲಿ ನೆನಪಿದೆಯೇ? ಅದರ ಮುಚ್ಚಳಕ್ಕೆ ಗಾಳಿಗೆಂದೇ ಇನ್ನೊಂದು ಸೂಜಿ ಚುಚ್ಚಿರುತ್ತಿದ್ದರು. ಹನಿ ಇಳಿದಂತೆಲ್ಲ ಒಳಗೆ ಗುಳ್ಳೆ ಏಳುತ್ತಿತ್ತು. ಗಾಜು ಕುಗ್ಗುವುದಿಲ್ಲ, ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಹನಿ ನಿಂತೇಬಿಡುತ್ತದೆ. ಮೆತ್ತನೆಯ ಚೀಲಕ್ಕೆ ಆ ಗೊಡವೆಯಿಲ್ಲ. ನೀರು ಹೋದಷ್ಟೂ ಅದು ತಾನೇ ಮುದುಡುತ್ತದೆ.

ನೀರು ಹೀರುವಾಗ ನಾವೇ ಎಳೆದುಕೊಳ್ಳುತ್ತೇವೆ ಎನಿಸುತ್ತದೆ. ನಿಜವಾದ ಕೆಲಸ ಹೊರಗಿನ ಗಾಳಿಯದು. ಬಾಯಿ ತನ್ನೊಳಗಿನ ಒತ್ತಡವನ್ನು ಕೊಂಚ ತಗ್ಗಿಸುತ್ತದೆ, ಅಷ್ಟೇ. ವಾತಾವರಣ ಚೀಲದ ಗೋಡೆಗಳನ್ನು ಸುತ್ತಲಿಂದ ಅದುಮಿ ನೀರನ್ನು ನಳಿಕೆಗೆ ತಳ್ಳುತ್ತದೆ. ವಾತಾವರಣದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಿಸಬಲ್ಲದು. ನೀರನ್ನು 30 ಸೆಂಟಿಮೀಟರ್ ಮೇಲೇರಿಸಲು ಅದರ ನೂರರಲ್ಲಿ ಮೂರು ಪಾಲು ವ್ಯತ್ಯಾಸ ಸಾಕು. ಏದುಸಿರು ಬಿಡುತ್ತಿರುವವರಿಗೂ ಇದು ಕಷ್ಟವಲ್ಲ.

ಹ್ಯಾಂಡಲ್ ಮೇಲೆ ಬಾಗಿ ತುಳಿಯುವಾಗ ಹೀರುವುದೂ ಬೇಕಾಗದಿರಬಹುದು. ಆಗ ಬೆನ್ನು ಮೇಲಾಗಿ, ನಳಿಕೆಯ ತುದಿ ಚೀಲದ ನೀರಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ನಳಿಕೆ ಒಮ್ಮೆ ತುಂಬಿದರೆ, ಡ್ರಮ್ಮಿನಿಂದ ಪೈಪ್ ಹಾಕಿ ನೀರಿಳಿಸಿದಂತೆ, ತಾನಾಗಿ ಹರಿಯುತ್ತದೆ. ತುದಿಯಲ್ಲಿ ಕಚ್ಚುವ ವಾಲ್ವ್ ಬೇಕಾಗುವುದು ಇದಕ್ಕೇ. ಐಡ್ಸನ್ನರ ಬಟ್ಟೆ ಕ್ಲಿಪ್ಪಿನ ಕೆಲಸವನ್ನು ಈಗ ಅದು ಮಾಡುತ್ತದೆ. ಸಿಲಿಕೋನ್ ಟೋಪಿಯ ತುದಿಯಲ್ಲಿ ಒಂದು ಸಣ್ಣ ಸೀಳು. ಹಲ್ಲುಗಳು ಸೀಳಿನ ಎರಡು ಕೊನೆಗಳನ್ನು ಅದುಮಿದರೆ ಅದು ತುಟಿಯಂತೆ ತೆರೆಯುತ್ತದೆ. ಅಡ್ಡ ತಿರುಗಿಸಿ ಕಚ್ಚಿದರೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಬಿಟ್ಟ ಕ್ಷಣ ರಬ್ಬರಿನ ಸ್ವಭಾವದಿಂದ ಸೀಳು ಕೂಡಿಕೊಳ್ಳುತ್ತದೆ. ಇಡೀ ಸಾಧನದಲ್ಲಿ ನನಗೆ ಅತಿ ಮೆಚ್ಚುಗೆಯಾದ ಭಾಗ ಇದು. ಸ್ಪ್ರಿಂಗ್ ಇಲ್ಲ, ತಿರುಪಿಲ್ಲ, ಕೈಯೂ ಬೇಡ.

ಕಲ್ಲುಗುಂಡಿಗಳ ಇಳಿಜಾರಿನಲ್ಲಿ ಬ್ರೇಕಿನಿಂದ ಬೆರಳು ತೆಗೆಯುವಂತಿಲ್ಲ, ಚೌಕಟ್ಟಿನ ಬಾಟಲಿಗೆ ಕೆಸರು ಮೆತ್ತಿರುತ್ತದೆ. ಬೆಟ್ಟದ ಹಾದಿಯ ಸವಾರರು ಚೀಲ ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಡಾಂಬರು ರಸ್ತೆಯ ರೇಸಿನವರು ಬಾಟಲಿಯನ್ನೇ ಹಿಡಿದುಕೊಂಡಿರುವುದೂ ಸರಿಯೇ. ಮೂರು ಲೀಟರ್ ತುಂಬಿದರೆ ಬೆನ್ನಿಗೆ ಮೂರು ಕಿಲೋ. ಚೀಲ ಮುಚ್ಚಿದ ಜಾಗದಲ್ಲಿ ಬೆವರು ಆರುವುದಿಲ್ಲ. ಬೆವರು ದೇಹವನ್ನು ತಣಿಸುವುದು ಆರಿದಾಗಲೇ.

ಬಿಸಿಲಲ್ಲಿ ಮೊದಲ ಗುಟುಕು ಬಿಸಿಯಾಗಿರುತ್ತದೆ. ಆರು ಮಿಲಿಮೀಟರ್ ಒಳವ್ಯಾಸದ, ಒಂದು ಮೀಟರ್ ಉದ್ದದ ನಳಿಕೆಯಲ್ಲಿ ಸುಮಾರು 28 ಮಿಲಿಲೀಟರ್ ನೀರು ನಿಂತಿರುತ್ತದೆ, ಕಾಯುವುದು ಅದೇ. ಕುಡಿದಾದ ಮೇಲೆ ನಳಿಕೆಗೆ ಊದಿ ನೀರನ್ನು ಚೀಲಕ್ಕೆ ಹಿಂದಿರುಗಿಸುವ ರೂಢಿ ಹಲವರಿಗಿದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ನಳಿಕೆ ಹೆಪ್ಪುಗಟ್ಟದಿರಲು ಇದೇ ಉಪಾಯ. ಊದಿದ ಗಾಳಿ ಒಳಗೆ ಸೇರುವುದರಿಂದ ನೀರು ಕುಲುಕಿ ಸದ್ದು ಮಾಡುತ್ತದೆ. ಹೊರಡುವ ಮೊದಲು ಚೀಲ ತಲೆಕೆಳಗು ಮಾಡಿದರೆ ಗಾಳಿ ನಳಿಕೆಯ ಬಾಯಿಗೆ ಬರುತ್ತದೆ. ಅದನ್ನು ಹೀರಿ ತೆಗೆದರೆ ಸದ್ದು ನಿಲ್ಲುತ್ತದೆ.

ನಳಿಕೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ತೇವದ ಜೊತೆಗೆ ಶರಬತ್ತಿನ ಸಕ್ಕರೆಯೂ ಸಿಕ್ಕರೆ ಅದು ಬೇಗ ಹಬ್ಬುತ್ತದೆ. ಹಾಗಾಗಿ ಚೀಲಕ್ಕೆ ಬರೀ ನೀರು ತುಂಬಿ, ಶರಬತ್ತಿಗೆ ಬೇರೆ ಬಾಟಲಿ ಇಟ್ಟುಕೊಳ್ಳಿ. ಮನೆಗೆ ಬಂದೊಡನೆ ನಳಿಕೆ ಬಿಚ್ಚಿ, ಸಪೂರ ಬ್ರಷ್‌ನಿಂದ ತಿಕ್ಕಿ, ಚೀಲದ ಬಾಯಿ ಅಗಲಿಸಿ ನೇತುಹಾಕಿ. ಒಣಗಿಸಲು ಪುರುಸೊತ್ತಿಲ್ಲದಿದ್ದರೆ ತೊಳೆದು ಫ್ರೀಜರಿನಲ್ಲಿಡಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ.