ಇಂದ್ರಕೀಲಾದ್ರಿಯಿಂದ ಅರಕು ಕಣಿವೆಗೆ: ದೇವಿ ದರ್ಶನದ ಜೊತೆಗೆ ಬೆಟ್ಟ, ಜಲಪಾತ

ಸಂಘದ ವಾರ್ಷಿಕ ಪ್ರವಾಸ ಎಲ್ಲಿಗೆ ಎಂಬ ಪ್ರಶ್ನೆ ಪ್ರತಿವರ್ಷ ಕಾರ್ಯಕಾರಿ ಸಮಿತಿಯ ಮುಂದೆ ಬರುತ್ತದೆ. ಹಿರಿಯರಿಗೆ ದೇವರ ದರ್ಶನ ಆಗಬೇಕು, ಮಕ್ಕಳಿಗೆ ನೀರು, ಬೆಟ್ಟ ಬೇಕು. ಎರಡೂ ಒಂದೇ ಪಯಣದಲ್ಲಿ ಸಿಗುವ ತಾಣ ಆಂಧ್ರದ ಕರಾವಳಿ.

ಮೊದಲ ನಿಲ್ದಾಣ ವಿಜಯವಾಡ. ಕೃಷ್ಣೆಯ ದಡದ ಇಂದ್ರಕೀಲಾದ್ರಿ ಕನಕದುರ್ಗೆಯ ನೆಲೆ. ಅರ್ಜುನ ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆದದ್ದು ಇಲ್ಲಿಯೇ ಎನ್ನುತ್ತದೆ ಸ್ಥಳಪುರಾಣ. ತಾಳಮದ್ದಳೆಯಲ್ಲಿ ಕಿರಾತಾರ್ಜುನ ಪ್ರಸಂಗ ಕೇಳಿದವರಿಗೆ ಈ ಬೆಟ್ಟದ ಹೆಸರು ಹೊಸದಲ್ಲ. ಕೆಳಗೆ ಹರಿಯುವ ನೀರೂ ಹೊಸದಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆಯೇ ಇಲ್ಲಿ 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜ್ ದಾಟಿ ಸಮುದ್ರಕ್ಕೆ ಸಾಗುತ್ತಾಳೆ. ದಸರಾ ಕೊನೆಗೆ ದೇವಿಗೆ ಹೊಳೆಯಲ್ಲಿ ಹಂಸವಾಹನದ ತೆಪ್ಪೋತ್ಸವ. ಪ್ರವಾಹದ ವರ್ಷಗಳಲ್ಲಿ ಹಂಸ ದಡದಲ್ಲೇ ನಿಲ್ಲುವುದುಂಟು.

ವಿಜಯವಾಡದಿಂದ ರೈಲಿನಲ್ಲಿ ಸುಮಾರು 350 ಕಿ.ಮೀ. ದೂರದಲ್ಲಿದೆ ವಿಶಾಖಪಟ್ಟಣ. ಕಡಲಿಗೆ ಮುಖ ಮಾಡಿದ ಕೈಲಾಸಗಿರಿಗೆ ರೋಪ್‌ವೇ ಇದೆ. ಮೇಲೆ ಶಿವಪಾರ್ವತಿಯರ ದೊಡ್ಡ ಮೂರ್ತಿಗಳು. ನಗರಕ್ಕೆ ಅಂಟಿಕೊಂಡೇ ಕಂಬಾಲಕೊಂಡ ಅಭಯಾರಣ್ಯ ಮತ್ತು ಇಂದಿರಾ ಗಾಂಧಿ ಮೃಗಾಲಯ. 2014ರ ಅಕ್ಟೋಬರ್ 12ರಂದು ಅಪ್ಪಳಿಸಿದ ಹುದ್‌ಹುದ್ ಚಂಡಮಾರುತಕ್ಕೆ ಇಲ್ಲೆಲ್ಲ ಅಸಂಖ್ಯ ಮರಗಳು ಉರುಳಿದ್ದವು. ಈಗ ಕಾಣುವ ಹಸಿರಿನ ಬೆಲೆ ಊರಿನವರಿಗೆ ಗೊತ್ತು. ಸಿಂಹಾಚಲದ ವರಾಹ ನರಸಿಂಹನ ದರ್ಶನ ತಪ್ಪಿಸಬಾರದು. ಕೃಷ್ಣದೇವರಾಯ ಕಳಿಂಗ ದಂಡಯಾತ್ರೆಯ ಕಾಲದಲ್ಲಿ ಬಂದು ಕಾಣಿಕೆ ಸಲ್ಲಿಸಿದ ಶಾಸನ ಅಲ್ಲಿದೆ.

ಪ್ರವಾಸದ ಮುಖ್ಯ ಭಾಗ ಅರಕು. ಬೆಳಗಿನ ಕಿರಂದೂಲ್ ರೈಲು ಹತ್ತಿದರೆ ಪೂರ್ವಘಟ್ಟದ ಸುರಂಗಗಳು ಒಂದಾದ ಮೇಲೊಂದು ಬರುತ್ತವೆ. ಕೊತ್ತವಲಸ–ಕಿರಂದೂಲ್ ಮಾರ್ಗದಲ್ಲಿ ಒಟ್ಟು 58 ಸುರಂಗಗಳಿವೆ. ಬೈಲಾಡಿಲದ ಕಬ್ಬಿಣದ ಅದಿರು ಸಾಗಿಸಲು 1960ರ ದಶಕದಲ್ಲಿ ಹಾಕಿದ ಹಳಿ ಇದು. ಬೊರ್ರಾ ಗುಹೆಗಳಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಮೂಡಿದ ಶಿವಲಿಂಗಕ್ಕೆ ಪೂಜೆ ನಡೆಯುತ್ತದೆ. ಸಮೀಪದಲ್ಲೇ ಕಟಿಕಿ ಜಲಪಾತ. ಅರಕಿನಾಚೆ ಚಾಪರಾಯಿಯಲ್ಲಿ ಹೊಳೆ ಹಾಸುಬಂಡೆಯ ಮೇಲೆ ಜಾರಿ ಹರಿಯುತ್ತದೆ. ಆದಿವಾಸಿಗಳು ಬೆಳೆಯುವ ಇಲ್ಲಿನ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೂ ಸಿಕ್ಕಿತ್ತು. ಕಾಳುಮೆಣಸಿನ ಬಳ್ಳಿ ಹಬ್ಬಿದ ತೋಟ ಕಂಡರೆ ಮಲೆನಾಡಿನವರಿಗೆ ಊರಿನ ನೆನಪಾಗದೆ ಇರದು.

ಹೊರಡುವ ಮುನ್ನ ಕಾಲ ನೋಡುವುದು ಅಗತ್ಯ. 2020ರ ಅಕ್ಟೋಬರ್ 21ರಂದು, ದಸರಾ ದಿನಗಳಲ್ಲೇ, ಇಂದ್ರಕೀಲಾದ್ರಿಯ ಬಂಡೆ, ಮಣ್ಣು ಕುಸಿದಿತ್ತು. 2024ರ ಸೆಪ್ಟೆಂಬರ್ ಆರಂಭದಲ್ಲಿ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಅಧಿಕ ನೀರು ಹರಿಯಿತು. ಬುಡಮೇರು ತೊರೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದವು. ಅರಕಿನ ಹಳಿಯ ಮೇಲೂ ಮಳೆಗಾಲದಲ್ಲಿ ಗುಡ್ಡ ಜರಿಯುವುದಿದೆ. ಜಲಪಾತ ತುಂಬಿ ಧುಮುಕುವಾಗ ನೋಡುವ ಆಸೆ ಸಹಜ. ಆದರೆ ವೃದ್ಧರು, ಮಕ್ಕಳಿರುವ ತಂಡಕ್ಕೆ ಡಿಸೆಂಬರ್, ಜನವರಿಯೇ ಲೇಸು. ಆಗ ಮಳೆ ನಿಂತಿರುತ್ತದೆ, ಕಣಿವೆಯಲ್ಲಿ ಮಂಜು ಕವಿದಿರುತ್ತದೆ. ಬೆಚ್ಚನೆಯ ಉಡುಪು ಮರೆಯಬಾರದು. ಪಾಚಿಗಟ್ಟಿದ ಬಂಡೆಯ ಮೇಲೆ ಫೋಟೋಗೆ ನಿಲ್ಲಬಾರದು. ಊಟದ ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳನ್ನು ಹೊಳೆಗೆ ಬಿಡದೆ ವಾಪಸು ತರಬೇಕು.

ಹೋದವರೆಲ್ಲರೂ ಸುಖವಾಗಿ ಮನೆ ಸೇರಿದಾಗಲೇ ಸಂಘದ ಪ್ರವಾಸ ಸಾರ್ಥಕ.